ಪಟ್ಟೆ ಬೆಳಕಿನಿಂದ ಭುಜಕೀರ್ತಿಯ ತ್ರೀಡಿ ಪ್ರತಿ: ಒಂದು ಪ್ರೊಜೆಕ್ಟರ್, ಒಂದು ಕ್ಯಾಮೆರಾ, ಮುಂಬಯಿಯ ಒಂದು ಖೋಲಿ

ಮುಂಬಯಿಯ ಯಕ್ಷಗಾನ ಮಂಡಳಿಗಳ ವೇಷದ ಪೆಟ್ಟಿಗೆ ತೆರೆದರೆ ಹಳೆಯ ಭುಜಕೀರ್ತಿ, ಎದೆಪದಕ, ಕರ್ಣಪತ್ರಗಳು ಸಿಗುತ್ತವೆ. ಹಗುರ ಮರದ ಕೆತ್ತನೆ, ಮೇಲೆ ಬೇಗಡೆ, ನಡುನಡುವೆ ಕನ್ನಡಿ ಚೂರು. ಈ ಊರಿನ ಮಳೆಗಾಲಕ್ಕೆ ಮರ ಬಿರಿಯುತ್ತದೆ, ಹುಳ ಹಿಡಿಯುತ್ತದೆ. ಅದೇ ಅಳತೆಯ ಇನ್ನೊಂದನ್ನು ಮಾಡಿಸಲು ಫೋಟೊ ಸಾಲದು. ಎಲೆಯ ಬಳುಕು ಎಷ್ಟು ಆಳ, ಅಂಚು ಎಷ್ಟು ಎದ್ದಿದೆ ಎಂಬುದು ಮಿಲಿಮೀಟರ್ ಲೆಕ್ಕದಲ್ಲಿ ಬೇಕು. ಪ್ರೊಜೆಕ್ಟರ್, ಕ್ಯಾಮೆರಾ, ಲ್ಯಾಪ್‌ಟಾಪ್ ಇದ್ದರೆ 25 ಸೆಂ.ಮೀ. ಅಗಲದ ಕೆತ್ತನೆಯನ್ನು ಮನೆಯಲ್ಲೇ ಸ್ಕ್ಯಾನ್ ಮಾಡಬಹುದು. ಆದರೆ ಸ್ಕ್ಯಾನ್ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದು ಮೊದಲ ಫೋಟೊ ತೆಗೆಯುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದ್ದರೆ ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡಲಾರದು. ಹಾಗಾಗಿ ಇಲ್ಲಿ ಹೆಚ್ಚು ಮಾತು ಜೋಡಣೆ ಮತ್ತು ಕ್ಯಾಲಿಬ್ರೇಶನ್ ಬಗ್ಗೆಯೇ ಇದೆ.

ನಡೆಯುವುದೇನು

ಪ್ರೊಜೆಕ್ಟರ್ ಎಂದರೆ ಹಿಂದುಮುಂದಾಗಿ ಕೆಲಸ ಮಾಡುವ ಕ್ಯಾಮೆರಾ. ಅದರ ಒಂದೊಂದು ಕಾಲಂ ಪಿಕ್ಸೆಲ್ಲೂ ಬೆಳಕಿನ ಒಂದು ತೆಳು ಹಾಳೆಯಾಗಿ ಹೊರಬರುತ್ತದೆ. ಕ್ಯಾಮೆರಾದ ಒಂದೊಂದು ಪಿಕ್ಸೆಲ್‌ನಿಂದ ಒಂದೊಂದು ನೇರ ಗೆರೆ ಹೊರಡುತ್ತದೆ. ಆ ಗೆರೆ ಈ ಹಾಳೆಯನ್ನು ಚುಚ್ಚುವ ಜಾಗವೇ ವಸ್ತುವಿನ ಮೇಲ್ಮೈ. ಹಾಗಾಗಿ ಉತ್ತರಿಸಬೇಕಾದ ಪ್ರಶ್ನೆಗಳು ಎರಡೇ. ಕ್ಯಾಮೆರಾದ ಈ ಪಿಕ್ಸೆಲ್ ನೋಡುತ್ತಿರುವುದು ಪ್ರೊಜೆಕ್ಟರಿನ ಎಷ್ಟನೇ ಕಾಲಂ? ಮತ್ತು ಎರಡೂ ಯಂತ್ರಗಳು ಒಂದಕ್ಕೊಂದು ಎಲ್ಲಿ, ಯಾವ ಕೋನದಲ್ಲಿ ಕೂತಿವೆ? ಮೊದಲನೆಯದಕ್ಕೆ ಪಟ್ಟೆಗಳು ಉತ್ತರ ಕೊಡುತ್ತವೆ, ಎರಡನೆಯದಕ್ಕೆ ಕ್ಯಾಲಿಬ್ರೇಶನ್.

ಸಾಮಾನು

ಪ್ರೊಜೆಕ್ಟರಿನ ನಿಜವಾದ ರೆಸಲ್ಯೂಶನ್ 1280×720 ಇದ್ದರೆ ಸಾಕು. ಅಗ್ಗದ ಪೆಟ್ಟಿಗೆಗಳ ಮೇಲೆ ‘1080ಪಿ ಸಪೋರ್ಟ್’ ಎಂದು ಬರೆದಿರುತ್ತದೆ, ಒಳಗಿನ ಪ್ಯಾನೆಲ್ ಮಾತ್ರ 800×480 ಇರುತ್ತದೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ನಿಂತೇ ಪರೀಕ್ಷಿಸಿ: ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳುಪು ಇರುವ ಲಂಬ ಗೆರೆಗಳ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಹೇಳಿದ ರೆಸಲ್ಯೂಶನ್ನಿನಲ್ಲಿ ಗೋಡೆಗೆ ಹಾಯಿಸಿ. ಗೆರೆಗಳು ಬಿಡಿಬಿಡಿಯಾಗಿ ಕಂಡರೆ ಮಾತು ನಿಜ. ಅಗಲವಾದ ಬೂದು ಅಲೆಗಳು ಕಂಡರೆ ಒಳಗೆ ಚಿತ್ರವನ್ನು ಕುಗ್ಗಿಸುತ್ತಿದೆ ಎಂದರ್ಥ, ಅದನ್ನು ಬಿಡಿ.

ಕ್ಯಾಮೆರಾದಲ್ಲಿ ಎಲ್ಲವೂ ಕೈಯಿಂದ ಹೊಂದಿಸುವಂತಿರಬೇಕು: ಫೋಕಸ್, ಅಪರ್ಚರ್, ಶಟರ್, ಐಎಸ್‌ಒ, ವೈಟ್ ಬ್ಯಾಲೆನ್ಸ್. ಹಳೆಯ ಡಿಎಸ್‌ಎಲ್‌ಆರ್‌ಗೆ 35 ಅಥವಾ 50 ಮಿ.ಮೀ. ಪ್ರೈಮ್ ಲೆನ್ಸ್ ಹಾಕಿದರೆ ಒಳ್ಳೆಯದು. ಜೂಮ್ ಲೆನ್ಸ್ ಇದ್ದರೆ ಜೂಮ್ ರಿಂಗಿಗೆ ಟೇಪ್ ಸುತ್ತಿ. ಲೆನ್ಸಿನ ಸ್ಟೆಬಿಲೈಸೇಶನ್ ಸ್ವಿಚ್ ಆಫ್ ಇರಲಿ, ಏಕೆಂದರೆ ಅದು ಒಳಗಿನ ಗಾಜನ್ನು ಅಲುಗಿಸುತ್ತಲೇ ಇರುತ್ತದೆ. ಮೊಬೈಲ್ ಕ್ಯಾಮೆರಾ ಈ ಕೆಲಸಕ್ಕೆ ಆಗದಿರುವುದೂ ಇದೇ ಕಾರಣಕ್ಕೆ. ಕ್ಯಾಮೆರಾವನ್ನು ಕೈಯಿಂದ ಮುಟ್ಟದೆ ಯುಎಸ್‌ಬಿ ಮೂಲಕ ಕ್ಲಿಕ್ ಮಾಡಿಸಿ; ಲಿನಕ್ಸ್‌ನಲ್ಲಿ ಜಿಫೋಟೊ2, ವಿಂಡೋಸ್‌ನಲ್ಲಿ ಡಿಜಿಕ್ಯಾಮ್‌ಕಂಟ್ರೋಲ್ ಇದಕ್ಕೆ ಸಾಕು.

ಪ್ರೊಜೆಕ್ಟರ್, ಕ್ಯಾಮೆರಾ ಎರಡನ್ನೂ ಒಂದೇ ಹಲಗೆಗೆ ಬೋಲ್ಟ್ ಮಾಡಿ. ಎರಡು ಬೇರೆ ಟ್ರೈಪಾಡ್ ಬೇಡ. 18 ಮಿ.ಮೀ. ಪ್ಲೈವುಡ್ ಆಗಬಹುದು, 40 ಮಿ.ಮೀ. ಅಲ್ಯುಮಿನಿಯಂ ಪ್ರೊಫೈಲ್ ಇನ್ನೂ ಒಳ್ಳೆಯದು, ತೇವಕ್ಕೆ ಬಾಗುವುದಿಲ್ಲ. ಕ್ಯಾಮೆರಾದ ತಳಕ್ಕೆ ಕಾಲಿಂಚಿನ ಸ್ಕ್ರೂ, ಅದು ನಾಗದೇವಿ ಸ್ಟ್ರೀಟಿನಲ್ಲಿ ಸಿಗುತ್ತದೆ.

ದೂರ ಮತ್ತು ಕೋನ

ಥ್ರೋ ರೇಷಿಯೊ (ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಅಂಕಿ) 1.5 ಇರುವ ಪ್ರೊಜೆಕ್ಟರ್ 1 ಮೀಟರ್ ದೂರದಲ್ಲಿ ಸುಮಾರು 67 ಸೆಂ.ಮೀ. ಅಗಲ ತುಂಬುತ್ತದೆ. ಅದನ್ನು 1280 ಕಾಲಂಗಳಿಗೆ ಹಂಚಿದರೆ ಒಂದು ಕಾಲಂ ಸುಮಾರು ಅರ್ಧ ಮಿ.ಮೀ. ಕ್ಯಾಮೆರಾ ಮತ್ತು ಪ್ರೊಜೆಕ್ಟರಿನ ನೋಟಗಳು ವಸ್ತುವಿನ ಬಳಿ 20 ಡಿಗ್ರಿ ಕೋನದಲ್ಲಿ ಸೇರಿದರೆ ಒಂದು ಕಾಲಂ ವ್ಯತ್ಯಾಸ ಎಂದರೆ ಆಳದಲ್ಲಿ ಸುಮಾರು 1.4 ಮಿ.ಮೀ. ಕೋನ 30 ಡಿಗ್ರಿಯಾದರೆ ಅದು 0.9 ಮಿ.ಮೀ.ಗೆ ಇಳಿಯುತ್ತದೆ. ಹಾಗೆಂದು ಕೋನವನ್ನು ಹಿಗ್ಗಿಸುತ್ತಾ ಹೋದರೆ ಕೆತ್ತನೆಯ ಕುಳಿಗಳಲ್ಲಿ ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ಕಾಣದೆ ತೂತು ಬೀಳುತ್ತದೆ. ಭುಜಕೀರ್ತಿಯಂಥ ಆಳವಾದ ಕೆತ್ತನೆಗೆ 20 ಡಿಗ್ರಿ ಸರಿ. 1 ಮೀಟರ್ ದೂರಕ್ಕೆ ಎರಡು ಲೆನ್ಸುಗಳ ನಡುವೆ 36 ಸೆಂ.ಮೀ. ಬಿಡಿ. ಚಪ್ಪಟೆ ಪದಕಕ್ಕೆ 30 ಡಿಗ್ರಿ ಇಟ್ಟುಕೊಳ್ಳಬಹುದು.

ಪ್ರೊಜೆಕ್ಟರಿನ ಮೆನುವಿನಲ್ಲಿ ಕೀಸ್ಟೋನ್ (ಓರೆ ಬಿದ್ದ ಚಿತ್ರವನ್ನು ಚೌಕಕ್ಕೆ ಎಳೆಯುವ ಸೌಲಭ್ಯ) ಸೊನ್ನೆ, ಡೈನಾಮಿಕ್ ಕಾಂಟ್ರಾಸ್ಟ್ ಆಫ್, ಇಕೊ ಮೋಡ್ ಆಫ್, ಚಿತ್ರದ ಹಿಗ್ಗುಕುಗ್ಗು ಆಫ್. ಕೀಸ್ಟೋನ್ ಒಂದು ಬಿಂದುವಿನಷ್ಟು ಉಳಿದರೂ ಪಿಕ್ಸೆಲ್‌ಗಳು ಕಲಸಿಹೋಗುತ್ತವೆ. ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ಸ್ಕೇಲಿಂಗ್ 100 ಶೇಕಡಾ, ನೈಟ್ ಲೈಟ್ ಆಫ್, ನೋಟಿಫಿಕೇಶನ್ ಆಫ್. ಮೌಸಿನ ಬಾಣದ ಗುರುತನ್ನೂ ಅಡಗಿಸಿ, ಇಲ್ಲವಾದರೆ ವಸ್ತುವಿನ ಮೇಲೆ ಬಾಣದ ಆಕಾರದ ಗುಳಿ ಬೀಳುತ್ತದೆ.

ಖೋಲಿಯನ್ನು ಸಿದ್ಧಪಡಿಸುವುದು

ಹಳೆಯ ಚಾಳಿನ ಮರದ ನೆಲದ ಮೇಲೆ ಒಬ್ಬರು ಹೆಜ್ಜೆ ಇಟ್ಟರೆ ಟೇಬಲ್ ಬಾಗುತ್ತದೆ. ಕಣ್ಣಿಗೆ ಕಾಣದು, ಪಟ್ಟೆಗೆ ಗೊತ್ತಾಗುತ್ತದೆ. ಹಲಗೆಯನ್ನೂ ವಸ್ತುವನ್ನೂ ಗೋಡೆಯ ಹತ್ತಿರ, ತೊಲೆ ಗೋಡೆಗೆ ಸೇರುವ ಕಡೆ ಇಡಿ. ಫೋಟೊ ನಡೆಯುವಾಗ ಎಲ್ಲರೂ ಕೂತೇ ಇರಲಿ, ಸೀಲಿಂಗ್ ಫ್ಯಾನ್ ನಿಲ್ಲಲಿ. ರೈಲು ಹಳಿ ಹತ್ತಿರವಿರುವ ಕಟ್ಟಡವಾದರೆ ರಾತ್ರಿಯ ಕೊನೆಯ ಲೋಕಲ್ ಹೋದ ಮೇಲೆ, ಬೆಳಗಿನ ಮೊದಲ ಲೋಕಲ್ ಬರುವ ಮುಂಚೆ ಕೆಲಸ ಮುಗಿಸಿಕೊಳ್ಳುವುದು ಉತ್ತಮ. ಆಗ ಬೆಳಕಿನ ತೊಂದರೆಯೂ ಇರುವುದಿಲ್ಲ.

ಹೊರಗಿನ ಬೆಳಕು ಪೂರ್ತಿ ತಡೆಯಲಾಗದಿದ್ದರೆ ಶಟರ್ ವೇಗವನ್ನು ಲೆಕ್ಕ ಹಾಕಿ ಆರಿಸಿ. ಪ್ರೊಜೆಕ್ಟರ್ ಸೆಕೆಂಡಿಗೆ 60 ಚಿತ್ರ ಹಾಯಿಸುತ್ತದೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸೆಕೆಂಡಿನ 20ನೇ ಒಂದು ಭಾಗ ಶಟರ್ ತೆರೆದರೆ ಪ್ರೊಜೆಕ್ಟರಿನ ಸರಿಯಾಗಿ 3 ಚಿತ್ರ, ಟ್ಯೂಬಿನ ಸರಿಯಾಗಿ 5 ಮಿಣುಕು ಒಳಗೆ ಬರುತ್ತವೆ. ಎಲ್ಲ ಫೋಟೊಗಳಿಗೂ ಒಂದೇ ಪ್ರಮಾಣದ ಬೆಳಕು ಸಿಗುತ್ತದೆ. 10ನೇ ಒಂದು ಭಾಗವೂ ಸರಿ. ಖೋಲಿ ಪೂರ್ತಿ ಕತ್ತಲಾಗಿದ್ದರೆ 60ರ ಲೆಕ್ಕ ಮಾತ್ರ ನೋಡಿದರೆ ಸಾಕು: 1/60, 1/30, 1/15. ಬಣ್ಣದ ಚಕ್ರ ತಿರುಗುವ ಡಿಎಲ್‌ಪಿ ಪ್ರೊಜೆಕ್ಟರಿಗೆ 1/100, 1/125 ಇಟ್ಟರೆ ಒಂದು ಫೋಟೊ ಕೆಂಪಗೆ, ಇನ್ನೊಂದು ಹಸಿರಾಗಿ ಬರುತ್ತದೆ.

ಪ್ರೊಜೆಕ್ಟರನ್ನು ಹಚ್ಚಿ ಅರ್ಧ ಗಂಟೆ ಬಿಡಿ. ಬಿಸಿಯಾಗುತ್ತಾ ಅದರ ಲೆನ್ಸ್ ಸ್ವಲ್ಪ ಸರಿಯುತ್ತದೆ. ಆ ಸರಿದಾಟ ನಿಂತ ಮೇಲೆ ಫೋಕಸ್ ಮಾಡಿ. ಅಪರ್ಚರ್ ಎಫ್/8, ಐಎಸ್‌ಒ 100. ಇಡೀ ಬಿಳಿ ಚಿತ್ರ ಹಾಯಿಸಿದಾಗ ವಸ್ತುವಿನ ಅತಿ ಬೆಳಗುವ ಜಾಗ 255ರಲ್ಲಿ 230 ದಾಟದಂತೆ ಶಟರ್ ಹೊಂದಿಸಿ. ಆಮೇಲೆ ಎರಡೂ ಲೆನ್ಸಿನ ಫೋಕಸ್ ರಿಂಗಿಗೆ ಟೇಪ್ ಹಚ್ಚಿ. ಕ್ಯಾಲಿಬ್ರೇಶನ್ ಆದ ಮೇಲೆ ಅದನ್ನು ಮುಟ್ಟಿದರೆ ಮತ್ತೆ ಮೊದಲಿನಿಂದ.

ಕ್ಯಾಲಿಬ್ರೇಶನ್: ಅರ್ಧ ಕೆಲಸ ಇಲ್ಲೇ

ಚದುರಂಗದ ಮನೆಗಳ ಹಾಳೆ ಬೇಕು. ಅಡ್ಡ 10, ಉದ್ದ 7 ಮನೆ, ಒಂದೊಂದು 20 ಮಿ.ಮೀ. ಕಪ್ಪು ಮನೆಗಳನ್ನು ಕಪ್ಪಾಗಿ ಮುದ್ರಿಸಬೇಡಿ, ಅರ್ಧ ಬೂದು ಬಣ್ಣ ಹಾಕಿ. ಗಾಢ ಕಪ್ಪಿನ ಮೇಲೆ ಪ್ರೊಜೆಕ್ಟರಿನ ಪಟ್ಟೆ ಕಾಣುವುದಿಲ್ಲ. ಮೂಲೆಗಳ ಸುತ್ತ ಅರ್ಧದಷ್ಟು ಪಿಕ್ಸೆಲ್ ವ್ಯರ್ಥವಾಗುತ್ತವೆ. ಹಾಳೆಯನ್ನು ರಟ್ಟಿಗೆ ಅಂಟಿಸುವ ತಪ್ಪನ್ನೂ ಮಾಡಬೇಡಿ. ಜೂನ್ ತಿಂಗಳ ಮುಂಬಯಿಯಲ್ಲಿ ರಟ್ಟು ಒಂದೇ ದಿನಕ್ಕೆ ಬಾಗುತ್ತದೆ, ಕಾಗದ ತೇವ ಹೀರಿ ಹಿಗ್ಗುತ್ತದೆ. ಮ್ಯಾಟ್ ವಿನೈಲ್ ಸ್ಟಿಕರ್ ಮೇಲೆ ಮುದ್ರಿಸಿ 5 ಮಿ.ಮೀ. ಗಾಜಿಗೆ ಗುಳ್ಳೆ ಬರದಂತೆ ಅಂಟಿಸಿ. ಅಂಟಿಸಿದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು 10 ಮನೆಗಳನ್ನು ಒಟ್ಟಿಗೆ ಅಳೆಯಿರಿ. 200ರ ಬದಲು 199.2 ಬಂದರೆ ಮನೆಯ ಅಳತೆಯನ್ನು 19.92 ಎಂದೇ ಸಾಫ್ಟ್‌ವೇರಿಗೆ ಕೊಡಿ. ಎತ್ತರದ ದಿಕ್ಕನ್ನೂ ಬೇರೆಯಾಗಿ ಅಳೆದು ನೋಡಿ. ಎರಡು ದಿಕ್ಕಿನಲ್ಲಿ ಬೇರೆ ಬೇರೆ ಬಂದರೆ ಆ ಮುದ್ರಣ ಬೇಡ.

ಕ್ಯಾಮೆರಾಗೆ ಕಣ್ಣಿದೆ, ಪ್ರೊಜೆಕ್ಟರಿಗೆ ಇಲ್ಲ. ಹಾಗಾದರೆ ಪ್ರೊಜೆಕ್ಟರ್ ಈ ಹಾಳೆಯ ಮೂಲೆಗಳನ್ನು ‘ನೋಡುವುದು’ ಹೇಗೆ? 2012ರಲ್ಲಿ ಡೇನಿಯಲ್ ಮೊರೆನೊ ಮತ್ತು ಗೇಬ್ರಿಯಲ್ ತೌಬಿನ್ ತೋರಿಸಿದ ದಾರಿ ಇಲ್ಲಿ ಹೆಚ್ಚು ನಂಬಿಕೆಯದು. ಹಾಳೆಯ ಮೇಲೆ ಪಟ್ಟೆಗಳನ್ನು ಅಡ್ಡವಾಗಿಯೂ ಲಂಬವಾಗಿಯೂ ಹಾಯಿಸಿದರೆ ಪ್ರತಿ ಕ್ಯಾಮೆರಾ ಪಿಕ್ಸೆಲ್‌ಗೂ ಪ್ರೊಜೆಕ್ಟರಿನ ಕಾಲಂ, ಸಾಲು ಎರಡೂ ತಿಳಿಯುತ್ತವೆ. ಒಂದು ಮೂಲೆಯ ಸುತ್ತಲಿನ 47×47 ಪಿಕ್ಸೆಲ್‌ಗಳ ಚೌಕ ತೆಗೆದುಕೊಂಡು, ಕ್ಯಾಮೆರಾ ಸ್ಥಾನದಿಂದ ಪ್ರೊಜೆಕ್ಟರ್ ಸ್ಥಾನಕ್ಕೆ ಒಂದು ಹೋಮೋಗ್ರಫಿ (ಒಂದು ಸಮತಲದ ಬಿಂದುಗಳನ್ನು ಇನ್ನೊಂದಕ್ಕೆ ಒಯ್ಯುವ ಸೂತ್ರ) ಹೊಂದಿಸಿ, ಮೂಲೆಯನ್ನು ಅದರ ಮೂಲಕ ದಾಟಿಸುತ್ತೀರಿ. ಈಗ ಅದೇ ಮೂಲೆ ಪ್ರೊಜೆಕ್ಟರಿನ ಚಿತ್ರದಲ್ಲಿ ಎಲ್ಲಿದೆ ಎಂಬುದು ಪಿಕ್ಸೆಲ್‌ನ ಭಿನ್ನಾಂಶದವರೆಗೆ ಸಿಗುತ್ತದೆ. ಮುಂದೆ ಪ್ರೊಜೆಕ್ಟರನ್ನು ಇನ್ನೊಂದು ಕ್ಯಾಮೆರಾ ಎಂದೇ ಭಾವಿಸಿ, ಚಿತ್ರ ಲೆಕ್ಕದ ಉಚಿತ ಸಾಫ್ಟ್‌ವೇರ್ ಓಪನ್‌ಸಿವಿಯ ಸ್ಟೀರಿಯೊ (ಜೋಡಿ ಕ್ಯಾಮೆರಾ) ಕ್ಯಾಲಿಬ್ರೇಶನ್ ನಡೆಸಿದರೆ ಆಯಿತು.

ಪ್ರತಿ ಕಾಲಂಗೂ ಸಾಲಿಗೂ 0, 1ರಲ್ಲಿ ಬರೆದ ಒಂದು ಸಂಖ್ಯೆ ಇರುತ್ತದೆ. ಅದರ ಒಂದೊಂದು ಅಂಕಿಗೆ (ಬಿಟ್) ಒಂದೊಂದು ಪಟ್ಟೆ ಚಿತ್ರ, ಬಿಳಿ ಎಂದರೆ 1, ಕಪ್ಪು ಎಂದರೆ 0. 1280 ಕಾಲಂಗೆ 11 ಬಿಟ್, 720 ಸಾಲಿಗೆ 10 ಬಿಟ್ ಬೇಕು. ಪ್ರತಿಯೊಂದಕ್ಕೂ ಅದರ ತಿರುವುಮುರುವು (ಕಪ್ಪು ಬಿಳುಪು ಅದಲುಬದಲಾದ) ಚಿತ್ರ ಸೇರಿ 42. ಪೂರ್ತಿ ಬಿಳಿ, ಪೂರ್ತಿ ಕಪ್ಪು ಸೇರಿ 44. ಹಾಳೆಯನ್ನು 12 ಭಂಗಿಗಳಲ್ಲಿ ಇಟ್ಟರೆ ಒಟ್ಟು 528 ಫೋಟೊ. ಭಂಗಿ ಎಂದರೆ ಪಕ್ಕಕ್ಕೆ ಸರಿಸುವುದಲ್ಲ. 20ರಿಂದ 35 ಡಿಗ್ರಿ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಓರೆ ಮಾಡಿ. ಹತ್ತಿರ ಮತ್ತು ದೂರವೂ ಇರಲಿ. ಎಲ್ಲ ಭಂಗಿಯೂ ಕ್ಯಾಮೆರಾಗೆ ನೇರವಾಗಿದ್ದರೆ ಲೆನ್ಸಿನ ಫೋಕಲ್ ಉದ್ದವನ್ನೂ ದೂರವನ್ನೂ ಲೆಕ್ಕ ಬೇರ್ಪಡಿಸಲಾರದು. ಹಾಳೆಯನ್ನು ಕೈಯಲ್ಲಿ ಹಿಡಿಯಬೇಡಿ, ಅಕ್ಕಿ ತುಂಬಿದ ಚೀಲಕ್ಕೆ ಒರಗಿಸಿ. ಗಾಜು ಕೂಡಲೇ ಕೂರುತ್ತದೆ, ಯಾವ ಓರೆಯಲ್ಲಿ ಬೇಕಾದರೂ ನಿಲ್ಲುತ್ತದೆ.

ಉಳಿಕೆ ದೋಷ (ಲೆಕ್ಕ ಹೇಳುವ ಮೂಲೆಗೂ ಕಂಡ ಮೂಲೆಗೂ ಇರುವ ಅಂತರ) ಕ್ಯಾಮೆರಾದಲ್ಲಿ 0.3 ಪಿಕ್ಸೆಲ್, ಪ್ರೊಜೆಕ್ಟರಿನಲ್ಲಿ 0.5 ಪಿಕ್ಸೆಲ್ ಆಸುಪಾಸು ಬಂದರೆ ಮುಂದುವರಿಯಿರಿ. 1 ದಾಟಿದರೆ ಭಂಗಿಭಂಗಿಯಾಗಿ ದೋಷ ನೋಡಿ; ಸಾಮಾನ್ಯವಾಗಿ ಒಂದೆರಡು ಭಂಗಿಯಲ್ಲಿ ಹಾಳೆ ಜಾರಿರುತ್ತದೆ. ಒಂದು ವಿಷಯ ಎಷ್ಟೋ ಜನರಿಗೆ ಹೊಳೆಯುವುದಿಲ್ಲ: ಮನೆಬಳಕೆಯ ಪ್ರೊಜೆಕ್ಟರ್ ಚಿತ್ರವನ್ನು ಮೇಲಕ್ಕೆ ಎಸೆಯುತ್ತದೆ, ಹಾಗಾಗಿ ಅದರ ಪ್ರಧಾನ ಬಿಂದು (ಲೆನ್ಸಿನ ನಡುಗೆರೆ ಚಿತ್ರವನ್ನು ಮುಟ್ಟುವ ಜಾಗ) ಚಿತ್ರದ ನಡುವೆ ಇರದೆ ಕೆಳ ಅಂಚಿನ ಹತ್ತಿರ, ಕೆಲವೊಮ್ಮೆ ಅಂಚಿನ ಆಚೆಗೇ ಇರುತ್ತದೆ. ‘ಪ್ರಧಾನ ಬಿಂದು ನಡುವೆ ಇದೆ’ ಎಂಬ ಆಯ್ಕೆ ಆನ್ ಮಾಡಿದರೆ ಇಡೀ ಲೆಕ್ಕ ವಾಲುತ್ತದೆ.

ಪಟ್ಟೆಗಳು

ಕಾಲಂ ಸಂಖ್ಯೆಯನ್ನು ಸಾದಾ ಬೈನರಿಯಲ್ಲಿ ಹಾಯಿಸಿದರೆ ಏನಾಗುತ್ತದೆ ನೋಡಿ. 7 ಎಂದರೆ 0111, 8 ಎಂದರೆ 1000. ಎರಡರ ಗಡಿಯಲ್ಲಿ ಕೂತ ಪಿಕ್ಸೆಲ್‌ಗೆ ನಾಲ್ಕೂ ಬಿಟ್ ಒಟ್ಟಿಗೆ ಬದಲಾಗುತ್ತವೆ. ಒಂದನ್ನು ತಪ್ಪಾಗಿ ಓದಿದರೂ 15 ಎಂದೋ 0 ಎಂದೋ ಉತ್ತರ ಬಂದು ಬಿಂದು ಎಲ್ಲಿಗೋ ಹಾರುತ್ತದೆ. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ 1953ರಲ್ಲಿ ಪೇಟೆಂಟ್ ಪಡೆದ ಸಂಕೇತದಲ್ಲಿ 7 ಎಂದರೆ 0100, 8 ಎಂದರೆ 1100. ಒಂದೇ ಬಿಟ್ ವ್ಯತ್ಯಾಸ. ತಪ್ಪಿದರೂ ಪಕ್ಕದ ಕಾಲಂಗೆ ಮಾತ್ರ ತಪ್ಪುತ್ತದೆ.

ಆದರೆ ಸ್ಕ್ಯಾನಿಗೆ ಗ್ರೇ ಸಂಕೇತ ಒಂದೇ ಸಾಲದು. ಒಂದು ಕಾಲಂ ಎಂದರೆ ಆಳದಲ್ಲಿ 1.4 ಮಿ.ಮೀ. ಎಂದು ಮೇಲೆ ನೋಡಿದೆವು. ಮೇಲ್ಮೈ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಕೊನೆಯ ಎರಡು ಪಿಕ್ಸೆಲ್ ಅಗಲದ ಪಟ್ಟೆಗಳು ಫೋಕಸ್ ಸ್ವಲ್ಪ ತಪ್ಪಿದರೂ ಬೂದಾಗಿ ಕಲಸುತ್ತವೆ. ಆದ್ದರಿಂದ ಗ್ರೇ ಸಂಕೇತವನ್ನು 8 ಪಿಕ್ಸೆಲ್ ಅಗಲಕ್ಕೆ ಒಂದು ಸಂಖ್ಯೆ ಎಂಬಲ್ಲಿಗೆ ನಿಲ್ಲಿಸಿ, ಅದರ ಮೇಲೆ 16 ಪಿಕ್ಸೆಲ್ ಅಲೆಯುದ್ದದ ಸೈನ್ ಅಲೆಯನ್ನು 8 ಹೆಜ್ಜೆಗಳಲ್ಲಿ, ಪ್ರತಿ ಸಲ 2 ಪಿಕ್ಸೆಲ್ ಸರಿಸುತ್ತಾ ಹಾಯಿಸಿ. 8 ಬಿಟ್‌ಗೆ ತಿರುವುಮುರುವು ಸೇರಿ 16, ಅಲೆಗೆ 8, ಬಿಳಿ ಕಪ್ಪು 2. ಒಟ್ಟು 26 ಫೋಟೊ. ಸ್ಕ್ಯಾನಿಗೆ ಲಂಬ ಪಟ್ಟೆ ಮಾತ್ರ ಸಾಕು.

ನಾಲ್ಕು ಹೆಜ್ಜೆ ಸಾಕಲ್ಲವೇ ಎಂದರೆ, ಸಾಕು, ಪ್ರೊಜೆಕ್ಟರ್ ಕೊಟ್ಟ ಅಂಕಿಗೆ ತಕ್ಕಷ್ಟೇ ಬೆಳಕು ಕೊಡುವುದಾಗಿದ್ದರೆ. ಅದು 128 ಎಂಬ ಬೂದನ್ನು ಬಿಳುಪಿನ ಅರ್ಧದಷ್ಟು ಬೆಳಕಾಗಿ ಕೊಡುವುದಿಲ್ಲ, ಗಾಮಾ ಎಂಬ ವಕ್ರದಲ್ಲಿ ಕೊಡುತ್ತದೆ. ಸೈನ್ ಅಲೆ ಆಕಾರ ಕೆಡುತ್ತದೆ, ಮೇಲ್ಮೈ ಮೇಲೆ ಪಟ್ಟೆಗುಂಟ ಸಣ್ಣ ಸುಕ್ಕು ಮೂಡುತ್ತದೆ. 3 ಹೆಜ್ಜೆಯಲ್ಲಿ ಈ ಸುಕ್ಕು ತುಂಬ, 4ರಲ್ಲಿ ಕಡಿಮೆ, 8ರಲ್ಲಿ ಆರನೇ ಹಾರ್ಮೋನಿಕ್‌ವರೆಗಿನದು (ಮೂಲ ಅಲೆಗಿಂತ ಆರು ಪಟ್ಟು ಸಣ್ಣ ಅಲೆಗಳವರೆಗಿನ ಕೆಡುಕು) ಲೆಕ್ಕದಲ್ಲೇ ಕಳೆದುಹೋಗುತ್ತದೆ. ನಾಲ್ಕು ಫೋಟೊ ಹೆಚ್ಚಿಗೆ, ಹತ್ತು ಸೆಕೆಂಡಿನ ಕೆಲಸ. ಅದನ್ನು ಉಳಿಸಲು ಹೋಗಬೇಡಿ.

ಚಿತ್ರ ಬದಲಾದ ಮೇಲೆ ಕಾಲು ಸೆಕೆಂಡು ಕಾದು ಕ್ಲಿಕ್ ಮಾಡಿಸಿ. ಪ್ರೊಜೆಕ್ಟರ್ ಚಿತ್ರವನ್ನು ಸ್ವಲ್ಪ ತಡವಾಗಿ ತೋರಿಸುತ್ತದೆ. ಕಾಯದಿದ್ದರೆ ಹಿಂದಿನ ಪಟ್ಟೆಯೂ ಮುಂದಿನ ಪಟ್ಟೆಯೂ ಒಂದೇ ಫೋಟೊದಲ್ಲಿ ಬೆರೆಯುತ್ತವೆ.

ಫೋಟೊದಿಂದ ಬಿಂದುವಿಗೆ

ಪ್ರತಿ ಪಿಕ್ಸೆಲ್‌ನಲ್ಲಿ ಬಿಳಿ ಚಿತ್ರದಿಂದ ಕಪ್ಪು ಚಿತ್ರವನ್ನು ಕಳೆಯಿರಿ. ವ್ಯತ್ಯಾಸ 40ಕ್ಕಿಂತ ಕಡಿಮೆಯಿದ್ದರೆ ಅಲ್ಲಿ ನೆರಳಿದೆ, ಪಿಕ್ಸೆಲ್ ಬಿಡಿ. ಬಿಟ್ ಓದುವಾಗ ಚಿತ್ರವನ್ನು ಅದರ ತಿರುವುಮುರುವಿನೊಂದಿಗೆ ಹೋಲಿಸಿ, ಚಿತ್ರ ಹೆಚ್ಚು ಬೆಳಗಿದ್ದರೆ ಬಿಟ್ 1, ತಿರುವುಮುರುವು ಹೆಚ್ಚು ಬೆಳಗಿದ್ದರೆ 0. ಹೀಗೆ ಮಾಡಿದರೆ ಬಣ್ಣದ ಗಾಢತೆ ಲೆಕ್ಕ ಕೆಡಿಸುವುದಿಲ್ಲ. 8 ಬಿಟ್‌ಗಳಿಂದ ಒರಟು ಸ್ಥಾನ, ಸೈನ್ ಅಲೆಯ ಫೇಸ್‌ನಿಂದ (ಪಿಕ್ಸೆಲ್ ಅಲೆಯ ಯಾವ ಹಂತದಲ್ಲಿದೆ ಎಂಬುದರಿಂದ) ನವಿರು ಸ್ಥಾನ. ಎಷ್ಟನೇ ಅಲೆ ಎಂಬುದನ್ನು ಗ್ರೇ ಸಂಕೇತದಿಂದ ನೇರವಾಗಿ ಎತ್ತಿಕೊಳ್ಳಬೇಡಿ. ಗಡಿಯಲ್ಲಿ 16 ಪಿಕ್ಸೆಲ್ ಜಿಗಿದು ಮುಳ್ಳುಗಳ ಸಾಲು ಏಳುತ್ತದೆ. ಫೇಸ್ ಕೊಡುವ ಸ್ಥಾನಕ್ಕೆ 16ರ ಗುಣಕಗಳನ್ನು ಸೇರಿಸುತ್ತಾ ಹೋಗಿ, ಒರಟು ಸ್ಥಾನಕ್ಕೆ ಯಾವುದು ಅತಿ ಹತ್ತಿರವೋ ಅದನ್ನು ಆರಿಸಿ. ಒಂದು ಸಂಖ್ಯೆಯ ಅಗಲವನ್ನು 16ರ ಬದಲು 8ಕ್ಕೆ ಇಳಿಸಿದ್ದು ಇದಕ್ಕಾಗಿಯೇ.

ಉಳಿದದ್ದು ಗೆರೆ ಮತ್ತು ಹಾಳೆಯ ಸಂಧಿ, ಕೆಲವು ಸಾಲುಗಳ ಲೆಕ್ಕ. ಕ್ಯಾಮೆರಾ ಲೆನ್ಸಿನ ವಕ್ರತೆಯನ್ನು ಮೊದಲು ತೆಗೆಯಲು ಮರೆಯಬೇಡಿ.

ಭುಜಕೀರ್ತಿ ಇಡುವ ಮುಂಚೆ ಎರಡು ಪರೀಕ್ಷೆ ಮಾಡಿ. ಮ್ಯಾಟ್ ಬಿಳಿ ಬಣ್ಣ ಹೊಡೆದ ಗಾಜಿನ ಹಲಗೆ ಸ್ಕ್ಯಾನ್ ಮಾಡಿ, ಬಿಂದುಗಳಿಗೆ ಒಂದು ಸಮತಲ ಹೊಂದಿಸಿ. ಉಳಿಕೆ ಬಟ್ಟಲಿನಂತೆ ಬಾಗಿದ್ದರೆ ಕ್ಯಾಲಿಬ್ರೇಶನ್ ತಪ್ಪು. ಪಟ್ಟೆಗುಂಟ ಸುಕ್ಕಿದ್ದರೆ ಗಾಮಾ ಅಥವಾ ಫೋಟೊಗಳ ನಡುವೆ ಬೆಳಕಿನ ಏರಿಳಿತ. ಬರೀ ಮರಳಿನಂಥ ಒರಟು ಮಾತ್ರ ಇದ್ದರೆ ಕ್ಯಾಮೆರಾದ ನಾಯ್ಸ್, ಅದಕ್ಕೆ ಚಿಂತೆ ಬೇಡ. ಎರಡನೆಯದು ಪೂಲ್ ಆಟದ ಚೆಂಡು, ವ್ಯಾಸ 57.15 ಮಿ.ಮೀ. ಹೊಳಪು ಹೋಗಲು ಸೀಮೆಸುಣ್ಣದ ಪುಡಿ ತೆಳುವಾಗಿ ಸವರಿ, ಸ್ಕ್ಯಾನಿಗೆ ಗೋಳ ಹೊಂದಿಸಿ. 57.6 ಬಂದರೆ ಚದುರಂಗದ ಹಾಳೆಯನ್ನು ಮತ್ತೆ ಅಳೆಯಿರಿ.

ಬೇಗಡೆ, ಕನ್ನಡಿ, ಅರಗು

ಹೊಳೆಯುವ ವಸ್ತುಗಳಿಗೆ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಬಿರುಕು ಪರೀಕ್ಷೆಯ ಬಿಳಿ ಡೆವಲಪರ್ ಸ್ಪ್ರೇ ಹೊಡೆಯುತ್ತಾರೆ. ಕಬ್ಬಿಣದ ಭಾಗಕ್ಕೆ ಅದು ಸರಿ. ಹಳೆಯ ಬೇಗಡೆ, ಬಣ್ಣ, ಅರಗಿನ ಮೇಲೆ ಹೊಡೆಯಬಾರದು: ಅದರ ದ್ರಾವಕ ಬಣ್ಣವನ್ನು ಎಬ್ಬಿಸುತ್ತದೆ, ಪುಡಿ ಕೆತ್ತನೆಯ ಸಂದಿನಲ್ಲಿ ಉಳಿಯುತ್ತದೆ. ದೈವದ ಮೊಗದಂಥ ಪೂಜೆಯ ವಸ್ತುವಾದರೆ ಸ್ಪ್ರೇ ಮಾತಿರಲಿ, ಪ್ರೊಜೆಕ್ಟರಿನ ಮುಂದೆ ಇಡುವ ಮುಂಚೆಯೇ ಅದನ್ನು ನಡೆಸಿಕೊಂಡು ಬಂದವರ ಒಪ್ಪಿಗೆ ಪಡೆಯಬೇಕು.

ಬಣ್ಣ ಬಳಿದ, ವಾರ್ನಿಶ್ ಹಚ್ಚಿದ ಮರಕ್ಕೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಚೆನ್ನಾಗಿ ನಡೆಯುತ್ತದೆ. ಪ್ರೊಜೆಕ್ಟರಿನ ಮುಂದೆ ಒಂದು ಹಾಳೆ (ಲೆನ್ಸಿಗೆ ತಾಗಿಸಬೇಡಿ, ಬಿಸಿಗೆ ಸುಟ್ಟೀತು), ಕ್ಯಾಮೆರಾಗೆ ಒಂದು ಫಿಲ್ಟರ್. ಹೊಳಪು ಮಾಯವಾಗುವವರೆಗೆ ಫಿಲ್ಟರ್ ತಿರುಗಿಸಿ. ಬೇಗಡೆಗೆ ಮಾತ್ರ ಇದು ಕೆಲಸಕ್ಕೆ ಬಾರದು. ಲೋಹ ಪೋಲರೈಸ್ ಆದ ಬೆಳಕನ್ನು ಹಾಗೆಯೇ ಹಿಂದಿರುಗಿಸುತ್ತದೆ, ಹೊಳಪಿನ ಜೊತೆ ಬೇಗಡೆಯೇ ಕಪ್ಪಾಗುತ್ತದೆ. ಬೇಗಡೆಗೆ ಕತ್ತಲ ಖೋಲಿಯಲ್ಲಿ ಪೋಲರೈಸರ್ ತೆಗೆದು ಮೂರು ಶಟರ್ ವೇಗದಲ್ಲಿ, 1/60, 1/15, 1/4, ಇಡೀ ಸರಣಿಯನ್ನು ಮೂರು ಸಲ ತೆಗೆಯಿರಿ. ಪ್ರತಿ ಪಿಕ್ಸೆಲ್‌ಗೆ 255 ಮುಟ್ಟದ, ಆದರೆ ಅಲೆಯ ಏರಿಳಿತ ಅತಿ ಹೆಚ್ಚಿರುವ ಸರಣಿಯನ್ನು ಆರಿಸಿ. ಕನ್ನಡಿ ಚೂರುಗಳಿಂದ ಏನೂ ಸಿಗುವುದಿಲ್ಲ. ಅವು ಬೆಳಕನ್ನು ಪಕ್ಕದ ಮರದ ಮೇಲೆ ಎಸೆದು ಅಲ್ಲಿಯೂ ಸುಳ್ಳು ಪಟ್ಟೆ ಮೂಡಿಸುತ್ತವೆ. ಸುಲಭವಾಗಿ ಕಳಚುವ ಮ್ಯಾಟ್ ಕಾಗದದ ಟೇಪನ್ನು ಕನ್ನಡಿಯ ಆಕಾರಕ್ಕೆ ಕತ್ತರಿಸಿ ಮುಚ್ಚಿ. ಮೇಣ, ಅರಗು, ಅಮೃತಶಿಲೆಗಳ ಒಳಕ್ಕೆ ಬೆಳಕು ಇಳಿಯುವುದರಿಂದ ಅವುಗಳ ಮೇಲ್ಮೈ ನಿಜಕ್ಕಿಂತ ಕೊಂಚ ಒಳಗೆ ಬಂದಂತೆ ತೋರುತ್ತದೆ.

ತುಂಡುಗಳನ್ನು ಸೇರಿಸುವುದು

ಮುಂಭಾಗಕ್ಕೆ 6 ನೋಟ, ಹಿಂಭಾಗಕ್ಕೆ 4 ಸಾಕು. ಪಕ್ಕದ ನೋಟಗಳು ಮೂರನೇ ಒಂದು ಭಾಗವಾದರೂ ಒಂದರ ಮೇಲೊಂದು ಬರಲಿ. ಕ್ಯಾಮೆರಾ ಹಲಗೆ ಕದಲದೆ ವಸ್ತು ಮಾತ್ರ ತಿರುಗಬೇಕು. ಬಿಂದುಗಳನ್ನು ಜೋಡಿಸುವ ಕ್ಲೌಡ್‌ಕಂಪೇರ್ ಸಾಫ್ಟ್‌ವೇರಿನಲ್ಲಿ ಮೂರು ನಾಲ್ಕು ಸಮಾನ ಬಿಂದುಗಳನ್ನು ಕೈಯಿಂದ ಗುರುತಿಸಿ ಒರಟಾಗಿ ಕೂಡಿಸಿ, ಆಮೇಲೆ ಐಸಿಪಿ (ಹತ್ತಿರದ ಬಿಂದುಗಳನ್ನು ಜೋಡಿಸುತ್ತಾ ಎರಡು ತುಂಡುಗಳನ್ನು ಬಿಗಿಯಾಗಿ ಕೂರಿಸುವ ಲೆಕ್ಕ) ಓಡಿಸಿ. ಭುಜಕೀರ್ತಿಯಲ್ಲಿ ಒಂದೇ ಥರದ ಎಸಳುಗಳು ಸಾಲಾಗಿರುವುದರಿಂದ ಐಸಿಪಿ ಒಂದು ಎಸಳು ಆಚೆಗೆ ಜಾರಿ ಕೂರುವುದುಂಟು. ದೋಷದ ಅಂಕಿ ಚಿಕ್ಕದಾಗಿಯೇ ಕಾಣುತ್ತದೆ, ಆಕಾರ ತಪ್ಪಿರುತ್ತದೆ. ವಸ್ತುವನ್ನು ತಿರುಗುಮಣೆಯ ಮೇಲೆ ಕೂರಿಸಿ, ಅದರ ಸುತ್ತ ಮಣೆಗೇ ಜೇಡಿಮಣ್ಣಿನ ನಾಲ್ಕು ಉಂಡೆಗಳನ್ನು ಬೇರೆ ಬೇರೆ ಗಾತ್ರದಲ್ಲಿ ಅಂಟಿಸಿದರೆ ಈ ಜಾರಾಟ ನಿಲ್ಲುತ್ತದೆ. ಕೊನೆಗೆ ಉಂಡೆಗಳನ್ನು ಅಳಿಸಿಬಿಡಿ.

ಮೆಶ್‌ಲ್ಯಾಬ್ ಸಾಫ್ಟ್‌ವೇರಿನಲ್ಲಿ ಪಾಯ್ಸನ್ ವಿಧಾನದಿಂದ, ಬಿಂದುಗಳು ಒಂದೇ ಮೇಲ್ಮೈ ಆಗುವಂತೆ, ತ್ರಿಕೋನಗಳ ಜಾಲ ಹೆಣೆಯಿರಿ. ಡೆಪ್ತ್ 9 ಇಟ್ಟರೆ 25 ಸೆಂ.ಮೀ. ವಸ್ತುವಿಗೆ ಅರ್ಧ ಮಿ.ಮೀ. ವಿವರ ಸಿಗುತ್ತದೆ, 10 ಇಟ್ಟರೆ ಕಾಲು. ಪಾಯ್ಸನ್ ತೂತುಗಳನ್ನು ತಾನಾಗಿ ನಯವಾಗಿ ಮುಚ್ಚಿಬಿಡುತ್ತದೆ. ಕನ್ನಡಿಯ ಜಾಗಕ್ಕೆ ಅದು ಸರಿ, ಮುರಿದ ಎಸಳಿಗೆ ಸರಿಯಲ್ಲ. ಅಲ್ಲಿ ಇಲ್ಲದ ಮರವನ್ನು ಇದೆ ಎಂದು ಹೇಳಿದಂತಾಗುತ್ತದೆ. ಬಿಂದುಗಳಿಲ್ಲದ ಕಡೆ ಹೆಣೆದದ್ದನ್ನು ಕತ್ತರಿಸಿ, ಎಸಳು ಹೇಗಿತ್ತೆಂಬುದನ್ನು ಕೆತ್ತುವವರಿಗೇ ಬಿಡಿ. ಬಲ ಭುಜಕೀರ್ತಿಯನ್ನು ಎಡದ್ದರಿಂದ ಕನ್ನಡಿ ಬಿಂಬ ತೆಗೆದು ಮಾಡಿಬಿಡೋಣ ಎಂದುಕೊಳ್ಳುವುದು ಸಹಜ. ಕೈಕೆತ್ತನೆಯ ಜೋಡಿ ನಿಖರ ಬಿಂಬವಾಗಿರುವುದಿಲ್ಲ, ಎರಡನ್ನೂ ಸ್ಕ್ಯಾನ್ ಮಾಡಿ.

ಜಾಲವನ್ನು ಉಳಿಸುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನ ಇರುವುದಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ನಡೆಸುವವರು ಅದನ್ನು ಇಂಚು ಎಂದುಕೊಂಡರೆ 25.4 ಪಟ್ಟು ದೊಡ್ಡದಾಗುತ್ತದೆ. ಕಡತದ ಹೆಸರಿನಲ್ಲೇ ಎಡವೋ ಬಲವೋ, ಎತ್ತರ ಎಷ್ಟು ಮಿ.ಮೀ. ಎಂದು ಬರೆದು ಕೊಡಿ. ಮೂಲ ಫೋಟೊಗಳನ್ನೂ ಕ್ಯಾಲಿಬ್ರೇಶನ್ ಕಡತವನ್ನೂ ಜೊತೆಗೇ ಒಂದು ಹಾರ್ಡ್‌ಡಿಸ್ಕಿನಲ್ಲಿ ಇಡಿ; ಅವೆರಡಿದ್ದರೆ ಮರ ಪುಡಿಯಾದ ಮೇಲೂ ಜಾಲವನ್ನು ಹೊಸದಾಗಿ ಹೆಣೆಯಬಹುದು.